ಸೋಯಾ ಬಿಟ್ರೆ ಪ್ರೊಟೀನ್‌ಗೆ ಏನ್ ತಿನ್ನೋದು? ನಮ್ ಚಿಂತಾಮಣಿ ಕಡೆ ಅಡುಗೆಮನೆಗೆ ಹೊಂದೋ ಸಮಗ್ರ ಮಾರ್ಗದರ್ಶಿ

ಜಿಮ್‌ಗೆ ಹೋಗೋ ಹುಡುಗ್ರಿಂದ ಹಿಡಿದು, ಶುಗರ್ ಬಂದು "ಅನ್ನ ಕಮ್ಮಿ ಮಾಡಿ ಪ್ರೊಟೀನ್ ಜಾಸ್ತಿ ಮಾಡಿ" ಅಂತ ಡಾಕ್ಟರ್ ಹತ್ರ ಹೇಳಿಸ್ಕೊಂಡು ಬಂದಿರೋ ಅಪ್ಪಂದಿರ ತನಕ, ಈಗ ಎಲ್ರಿಗೂ ಮೊದಲು ಸಿಗೋ ಸಲಹೆ ಒಂದೇ, ಮೀಲ್ ಮೇಕರ್ ತಿನ್ನಿ, ಅಂದ್ರೆ ಸೋಯಾ ಚಂಕ್ಸ್. ಕಮ್ಮಿ ರೇಟು, ವೆಜ್ಜು, ಪ್ಯಾಕೆಟ್ ಮೇಲೆ 52 ಗ್ರಾಂ ಪ್ರೊಟೀನ್ ಅಂತ ದಪ್ಪಕ್ಷರದಲ್ಲಿ ಬರ್ದಿರತ್ತೆ. ಆದ್ರೆ ಕೆಲವರಿಗೆ ಸೋಯಾ ಅಲರ್ಜಿ, ಕೆಲವರು ಥೈರಾಯ್ಡ್ ಮಾತ್ರೆ ತಗೋತಿದಾರೆ, ಕೆಲವರಿಗೆ ತಿಂದ್ರೆ ಹೊಟ್ಟೆ ಉಬ್ಬರ, ಇನ್ನು ಕೆಲವರಿಗೆ ಆ ಸ್ಪಂಜಿನ ಥರದ್ದು ಗಂಟಲಲ್ಲೇ ಇಳಿಯಲ್ಲ. ಅಂಥವ್ರು ಏನ್ ಮಾಡ್ಬೇಕು ಅನ್ನೋದೇ ಇಲ್ಲಿರೋದು. ನನ್ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಕೋಲಾರ ಚಿಕ್ಕಬಳ್ಳಾಪುರ ಕಡೆ ಅಡುಗೆಗೆ ಸೋಯಾ ಬೇಕೇ ಇಲ್ಲ, ನಮಗಿರೋ ತೊಂದರೆ ಸಾರಲ್ಲಿ ಕಾಳು ಕಮ್ಮಿ ನೀರು ಜಾಸ್ತಿ ಅನ್ನೋದು ಅಷ್ಟೇ.

ಹಂತ 1: ನಿಮಗೆ ಸೋಯಾ ಬಿಡೋ ಅವಶ್ಯಕತೆ ನಿಜವಾಗ್ಲೂ ಇದ್ಯಾ ನೋಡ್ಕೊಳ್ಳಿ

ಸೋಯಾ ಏನು ವಿಷ ಅಲ್ಲ. ವಾಟ್ಸಾಪಲ್ಲಿ ಬರತ್ತಲ್ಲ, ಸೋಯಾ ತಿಂದ್ರೆ ಗಂಡಸರಿಗೆ ಹೆಣ್ಣಿನ ಹಾರ್ಮೋನ್ ಬರತ್ತೆ ಅಂತ, ಅದನ್ನ ನಂಬ್ಕೊಂಡು ಬಿಡೋದಾದ್ರೆ ಬಿಡ್ಬೇಡಿ. ಸೋಯಾದಲ್ಲಿ ಐಸೋಫ್ಲೇವೋನ್ ಅನ್ನೋದು ಇದೆ, ಅದು ಈಸ್ಟ್ರೋಜನ್ ಥರ ಸ್ವಲ್ಪ ಕಾಣತ್ತೆ ನಿಜ, ಆದ್ರೆ ಗಂಡಸರ ಮೇಲೆ ಆಗಿರೋ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗ ಟೆಸ್ಟೋಸ್ಟೆರೋನ್ ಕಮ್ಮಿ ಆಗಿರೋದು ಕಂಡಿಲ್ಲ.

ನಿಜವಾದ ಕಾರಣ ಅಂದ್ರೆ ಅಲರ್ಜಿ. ತಿಂದ ಸ್ವಲ್ಪ ಹೊತ್ತಲ್ಲೇ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರಾಟಕ್ಕೆ ತೊಂದರೆ ಇವೆಲ್ಲ ಬಂದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ, ಉಸಿರು ಕಟ್ಟೋ ಥರ ಆದ್ರಂತೂ ತಕ್ಷಣ 108ಕ್ಕೆ ಫೋನ್ ಮಾಡಿ. ಆಮೇಲೆ ಅಲರ್ಜಿ ಡಾಕ್ಟರ್ ಹತ್ರ ಸ್ಕಿನ್ ಪ್ರಿಕ್ ಟೆಸ್ಟೋ ಐಜಿಇ ರಕ್ತ ಪರೀಕ್ಷೆನೋ ಮಾಡಿಸಿ. ಸಾವಿರಾರು ರೂಪಾಯಿ ತಗೊಂಡು ನೂರು ಆಹಾರದ ಲಿಸ್ಟ್ ಕೊಡೋ ಐಜಿಜಿ ಟೆಸ್ಟ್ ಅಂತ ಒಂದಿದೆ, ಅದನ್ನ ಅಲರ್ಜಿ ತಜ್ಞರ ಸಂಘಗಳೇ ಒಪ್ಪಲ್ಲ, ದುಡ್ಡು ಉಳಿಸ್ಕೊಳ್ಳಿ.

ಥೈರಾಯ್ಡ್ ವಿಷಯ ಸ್ವಲ್ಪ ಬೇರೆ. ಸೋಯಾ ತಿಂದ್ರೆ ಥೈರಾಯ್ಡ್ ಹಾಳಾಗತ್ತೆ ಅಂತಲ್ಲ, ಥೈರಾಕ್ಸಿನ್ ಮಾತ್ರೆ ಹೊಟ್ಟೆಲಿ ಸರಿಯಾಗಿ ಹೀರ್ಕೊಳ್ಳಕ್ಕೆ ಸೋಯಾ ಅಡ್ಡ ಬರತ್ತೆ ಅಂತ. ಹಂಗಾಗಿ ಬೆಳಗ್ಗೆ ಖಾಲಿ ಹೊಟ್ಟೆಲಿ ಮಾತ್ರೆ ತಗೊಂಡು ಅರ್ಧ ಮುಕ್ಕಾಲು ಗಂಟೆಗೆ ಸೋಯಾ ಹಿಟ್ಟು ಹಾಕಿರೋ ಹೆಲ್ತ್ ಮಿಕ್ಸ್ ಕುಡಿಯೋರು ಡಾಕ್ಟರ್ ಹತ್ರ ಒಂದ್ಸಲ ಕೇಳಿ, ಪೂರ್ತಿ ಬಿಡ್ಬೇಕಾಗೂ ಇಲ್ದೆ ಇರ್ಬಹುದು, ಟೈಮ್ ಬದಲಾಯಿಸಿದ್ರೆ ಸಾಕಾಗ್ಬಹುದು.

ಸುಮ್ನೆ ಇಷ್ಟ ಇಲ್ಲ ಅನ್ನೋದೂ ಒಂದು ಕಾರಣನೇ ಕಣ್ರಿ, ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡ್ಬೇಕಾಗಿಲ್ಲ.

ಹಂತ 2: ನಿಮಗೆ ದಿನಕ್ಕೆ ಎಷ್ಟು ಪ್ರೊಟೀನ್ ಬೇಕು ಲೆಕ್ಕ ಹಾಕಿ

ಐಸಿಎಂಆರ್‌ನೋರು (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟಿರೋ ಲೆಕ್ಕದ ಪ್ರಕಾರ ದೊಡ್ಡವರಿಗೆ ಮೈತೂಕದ ಒಂದ್ ಕೇಜಿಗೆ 0.83 ಗ್ರಾಂ. ಅಂದ್ರೆ 60 ಕೇಜಿ ಇರೋರಿಗೆ ಸುಮಾರು 50 ಗ್ರಾಂ. ಆದ್ರೆ ಇದು ಒಳ್ಳೆ ಗುಣಮಟ್ಟದ ಪ್ರೊಟೀನ್‌ಗೆ ಹೇಳಿರೋದು, ಮುದ್ದೆ ಅನ್ನ ಕಾಳು ಅಂತ ತಿನ್ನೋ ನಮ್ಮಂಥೋರು ಕೇಜಿಗೆ 1 ಗ್ರಾಂ ಅಂತ ಇಟ್ಕೊಂಡ್ರೆ ಲೆಕ್ಕಕ್ಕೂ ಸುಲಭ, ಸೇಫೂ ಹೌದು. 60 ಕೇಜಿಗೆ 60 ಗ್ರಾಂ, ಮುಗೀತು.

ಬಸುರಿ ಹೆಂಗಸರಿಗೆ ಇದ್ರ ಮೇಲೆ ನಾಕನೇ ತಿಂಗಳಿಂದ ಆರನೇ ತಿಂಗಳ ತನಕ ದಿನಕ್ಕೆ 9.5 ಗ್ರಾಂ, ಕೊನೆ ಮೂರು ತಿಂಗಳು 22 ಗ್ರಾಂ ಜಾಸ್ತಿ ಬೇಕು. ಬಾಣಂತಿಗೂ ಮೊದಲ ಆರು ತಿಂಗಳು 17 ಗ್ರಾಂ ಹೆಚ್ಚು, ಆದ್ರೆ ನಮ್ಮಲ್ಲಿ ಬಾಣಂತಿಗೆ ಕಾಳು ಕೊಟ್ರೆ ಮಗುಗೆ ವಾಯು ಅಂತ ಬರೀ ಅನ್ನ ತುಪ್ಪ ಮೆಣಸಿನ ಸಾರಲ್ಲಿ ದಿನ ದೂಡಿಸ್ತಾರೆ, ಅಮ್ಮ ಅತ್ತೆ ಜೊತೆ ಜಗಳ ಮಾಡದೆ ಹೆಸರುಬೇಳೆ ತೊವ್ವೆ, ಹಾಲು, ತಿನ್ನೋರಾದ್ರೆ ಮೊಟ್ಟೆ ಇದನ್ನಾದ್ರೂ ಒಪ್ಪಿಸಿ. ವಯಸ್ಸಾದವ್ರಿಗೂ ಕೇಜಿಗೆ 1 ಗ್ರಾಂಗಿಂತ ಕಮ್ಮಿ ಆಗ್ಬಾರ್ದು, ಹಲ್ಲಿಲ್ಲ ಅಂತ ಬರೀ ಗಂಜಿ ಕುಡಿಸ್ತಾ ಹೋದ್ರೆ ಕಾಲಲ್ಲಿ ಶಕ್ತಿನೇ ಇರಲ್ಲ.

ಕಿಡ್ನಿ ತೊಂದರೆ ಇರೋರು ಮಾತ್ರ ಈ ಲೆಕ್ಕ ಹಾಕ್ಬೇಡಿ. ಅವರಿಗೆ ಪ್ರೊಟೀನ್ ಜಾಸ್ತಿ ಆದ್ರೇನೇ ಕಷ್ಟ, ಎಷ್ಟು ತಿನ್ಬೇಕು ಅಂತ ಡಾಕ್ಟರೇ ಹೇಳ್ಬೇಕು.

ಹಂತ 3: ಸೋಯಾ ಎಲ್ಲೆಲ್ಲಿ ಅಡಗಿರತ್ತೆ ಹುಡುಕಿ

ಅಲರ್ಜಿ ಇರೋರಿಗೆ ಇದೇ ಮುಖ್ಯವಾದ ಭಾಗ. ಮೀಲ್ ಮೇಕರ್, ಸೋಯಾ ಚಂಕ್ಸ್, ಗ್ರ್ಯಾನ್ಯೂಲ್ಸ್, ಸೋಯಾ ಹಾಲು, ಟೋಫು ಇವೆಲ್ಲ ಹೆಸರಲ್ಲೇ ಗೊತ್ತಾಗತ್ತೆ ಬಿಡಿ. ಕಾಣದೆ ಇರೋದು ಬೇರೆ ಇದೆ.

ಮೊದಲನೇದು ಸೋಯಾ ಸಾಸ್. ಗೋಬಿ ಮಂಚೂರಿ, ನೂಡಲ್ಸ್, ಫ್ರೈಡ್ ರೈಸ್, ಚಿಲ್ಲಿ ಚಿಕನ್, ಸಂಜೆ ಗಾಡಿ ಅಂಗಡಿಲಿ ಸಿಗೋದು ಮುಕ್ಕಾಲು ಪಾಲು ಇದೇ. 2024ರ ಮಾರ್ಚಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕ್ಬಾರ್ದು ಅಂತ ಬ್ಯಾನ್ ಮಾಡ್ತು, ಅವಾಗ ಎಲ್ರೂ ಗೋಬಿ ಈಗ ಸೇಫ್ ಅಂದ್ಕೊಂಡ್ರು, ಬಣ್ಣ ಹೋದ್ರೂ ಸಾಸ್ ಹಂಗೇ ಇದೆ. "ಅಣ್ಣ ಸೋಯಾ ಸಾಸ್ ಹಾಕ್ಬೇಡಿ" ಅಂದ್ರೂ ಅದೇ ಬಾಣಲೆ ಅದೇ ಸೌಟು, ಹಂಗಾಗಿ ಜೋರು ಅಲರ್ಜಿ ಇರೋರು ಆ ಗಾಡಿ ಕಡೆ ಹೋಗದೆ ಇರೋದೇ ವಾಸಿ.

ಎರಡನೇದು ಪ್ಯಾಕೆಟ್ ಐಟಂಗಳು. ಮಲ್ಟಿಗ್ರೇನ್ ಗೋಧಿ ಹಿಟ್ಟಲ್ಲಿ ಸೋಯಾ ಹಿಟ್ಟು ಸೇರಿಸೋದು ತುಂಬಾ ಸಾಮಾನ್ಯ. ಬಿಸ್ಕೆಟ್, ಚಾಕಲೇಟ್, ಬ್ರೆಡ್, ಐಸ್‌ಕ್ರೀಮ್, ಮಕ್ಕಳ ಹೆಲ್ತ್ ಡ್ರಿಂಕ್ ಪೌಡರ್, ಇನ್‌ಸ್ಟಂಟ್ ಸೂಪ್, ಸಾಸೇಜ್, ಚಿಕನ್ ನಗೆಟ್ಸ್ ಇವುಗಳ ಹಿಂದುಗಡೆ ಓದ್ಬೇಕು. ಸೋಯಾ ಅಂತ ನೇರವಾಗಿ ಇಲ್ಲದಿದ್ರೂ ಲೆಸಿಥಿನ್, ಐಎನ್ಎಸ್ 322, ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೊಟೀನ್, ಟೆಕ್ಸ್ಚರ್ಡ್ ವೆಜಿಟೆಬಲ್ ಪ್ರೊಟೀನ್ ಅಂತ ಇದ್ರೆ ಅನುಮಾನ ಪಡಿ. ಲೆಸಿಥಿನ್ ಅಂದ್ರೆ ಎಣ್ಣೆ ನೀರು ಹೊಂದಿಕೊಳ್ಳೋಕೆ ಹಾಕೋ ಪದಾರ್ಥ, 322 ಅನ್ನೋದು ಅದ್ರ ನಂಬರ್, ಅದು ಸೂರ್ಯಕಾಂತಿದೂ ಆಗಿರ್ಬಹುದು ಸೋಯಾದೂ ಆಗಿರ್ಬಹುದು. ಎಫ್ಎಸ್ಎಸ್ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ) ನಿಯಮದಲ್ಲಿ ಸೋಯಾ ಅಲರ್ಜಿ ಪಟ್ಟಿಲಿ ಇರೋದ್ರಿಂದ ಪ್ಯಾಕೆಟ್ ಮೇಲೆ ಇಂಗ್ರೀಡಿಯೆಂಟ್ಸ್ ಹತ್ರ "ಕಂಟೇನ್ಸ್ ಸೋಯಾ" ಅಂತ ಹಾಕ್ಲೇಬೇಕು, ಮೊದಲು ಆ ಸಾಲು ಹುಡುಕಿ, ಟೈಮ್ ಉಳಿಯತ್ತೆ. "ಮೇ ಕಂಟೇನ್" ಅಂತಿದ್ರೆ ಅದೇ ಮೆಷಿನಲ್ಲಿ ಸೋಯಾ ಐಟಂ ಕೂಡ ಮಾಡ್ತಾರೆ ಅಂತ ಅರ್ಥ ಮಾಡ್ಕೊಳ್ಳಿ.

ನಮ್ಮೂರ ಬೇಕರಿಲಿ ಬಿಡಿಯಾಗಿ ಕೊಡೋ ಬನ್ನು, ಪಪ್ಸು, ದಿಲ್‌ಪಸಂದ್‌ಗೆ ಲೇಬಲ್ಲೇ ಇರಲ್ಲ. ಅಲ್ಲಿ ಕೌಂಟರಲ್ಲಿರೋ ಹುಡುಗನ್ನ ಕೇಳಿ ಪ್ರಯೋಜನ ಇಲ್ಲ, ಒಳಗೆ ಕಲಸೋರನ್ನ ಕೇಳಿ.

ಮೂರನೇದು ಮದುವೆ ಮನೆ. ವೆಜ್ ಬಿರಿಯಾನಿ, ಪಲಾವ್, ಕುರ್ಮಾ ಎಲ್ಲದಕ್ಕೂ ಈಗ ಅಡುಗೆ ಭಟ್ರು ಮೀಲ್ ಮೇಕರ್ ಸುರೀತಾರೆ. ತುಂಡು ಎತ್ತಿಟ್ಟು ತಿಂತೀನಿ ಅನ್ನೋದು ಇಷ್ಟ ಇಲ್ದೆ ಇರೋರಿಗೆ ಓಕೆ, ಅಲರ್ಜಿ ಇರೋರಿಗೆ ಓಕೆ ಅಲ್ಲ, ರಸ ಎಲ್ಲ ಅನ್ನಕ್ಕೆ ಹಿಡಿದಿರತ್ತೆ.

ಎಣ್ಣೆ ಬಗ್ಗೆ ತುಂಬ ಜನ ಕೇಳ್ತಾರೆ. ಅಲರ್ಜಿ ತರೋದು ಸೋಯಾದ ಪ್ರೊಟೀನ್, ಪೂರ್ತಿ ರಿಫೈನ್ ಮಾಡಿದ ಸೋಯಾ ಎಣ್ಣೆಲಿ ಪ್ರೊಟೀನ್ ಹೆಚ್ಚುಕಮ್ಮಿ ಉಳಿದಿರಲ್ಲ, ಅದಕ್ಕೇ ಅಲರ್ಜಿ ಇರೋ ಬಹಳಷ್ಟು ಜನಕ್ಕೆ ಅದು ತೊಂದರೆ ಕೊಡಲ್ಲ. ರಿಫೈನ್ ಮಾಡದೆ ಹಿಂಡಿರೋ ಸೋಯಾ ಎಣ್ಣೆ ಮಾತ್ರ ಬೇಡ. ಆದ್ರೂ ಈ ಸೀಮೆಲಿ ಗಾಣದ ಕಡ್ಲೆಕಾಯಿ ಎಣ್ಣೆ ಸಿಗೋವಾಗ ಆ ತಲೆನೋವೇ ಯಾಕೆ.

ಕೋಳಿಗೆ ಸೋಯಾ ಹಿಂಡಿ ಹಾಕ್ತಾರಲ್ಲ, ಮೊಟ್ಟೆ ತಿನ್ಬಹುದಾ? ತಿನ್ನಿ. ಫಾರಂ ಕೋಳಿ ಫೀಡಲ್ಲಿ ಸೋಯಾ ಇರೋದು ನಿಜ, ಆದ್ರೆ ಸೋಯಾ ಅಲರ್ಜಿ ಇರೋರು ಸಾಮಾನ್ಯವಾಗಿ ಮೊಟ್ಟೆ ಚಿಕನ್ ಆರಾಮಾಗಿ ತಿಂತಾರೆ.

ಹಂತ 4: ಬದಲಿಗೆ ಏನು ಅಂತ ಆರಿಸ್ಕೊಳ್ಳಿ

ಮೊದಲು ಆ 52 ಗ್ರಾಂ ಮಾತು ಮುಗಿಸೋಣ. ಅದು 100 ಗ್ರಾಂ ಒಣ ಚಂಕ್ಸ್ ಲೆಕ್ಕ. ನೀರಲ್ಲಿ ನೆನೆಸಿದ್ರೆ ಅದು ಊದ್ಕೊಂಡು ಮೂರು ಪಟ್ಟು ಆಗತ್ತೆ, ಒಬ್ರು ಒಂದ್ ಊಟಕ್ಕೆ ತಿನ್ನೋದು ಒಣದು 25-30 ಗ್ರಾಂ ಅಷ್ಟೇ, ಅಂದ್ರೆ 13-15 ಗ್ರಾಂ ಪ್ರೊಟೀನ್. ಇಷ್ಟನ್ನ ನಾವು ಬೇರೆ ಕಡೆಯಿಂದ ತುಂಬ್ಕೊಂಡ್ರೆ ಆಯ್ತು, ಅದೇನು ಬೆಟ್ಟ ಅಲ್ಲ.

ಕಾಳುಗಳು ನಮ್ಮ ದೊಡ್ಡ ಬಲ. ಒಣಗಿದ ಹುರುಳಿ, ತೊಗರಿ, ಹೆಸರು, ಅಲಸಂದೆ, ಅವರೆ ಯಾವುದೇ ತಗೊಳ್ಳಿ, 100 ಗ್ರಾಂಗೆ 20ರಿಂದ 24 ಗ್ರಾಂ ಸಿಗತ್ತೆ, ಕಡ್ಲೆಕಾಳು ಒಂಚೂರು ಕಮ್ಮಿ. ಇದ್ರಲ್ಲಿ ನನ್ ಓಟು ಹುರುಳಿಗೆ, ಮಳೆ ಕಮ್ಮಿ ಆದ್ರೂ ಬೆಳೆಯತ್ತೆ, ರೇಟು ಕಮ್ಮಿ, ಮೊಳಕೆ ಕಟ್ಟಿದ್ರೆ ರುಚಿನೇ ಬೇರೆ. ರಾತ್ರಿ ನೆನೆಸಿ ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಲಿ ಕಟ್ಟಿಡಿ, ಬೇಸಿಗೆಲಿ ಮಾರನೇ ದಿನಕ್ಕೇ ಮೊಳಕೆ ಬಂದಿರತ್ತೆ, ಚಳಿಲಿ ಇನ್ನೊಂದು ದಿನ ಕಾಯ್ಬೇಕು. ನೆನೆಸೋದು, ಮೊಳಕೆ ಬರಿಸೋದು, ಚೆನ್ನಾಗಿ ಬೇಯಿಸೋದು ಈ ಮೂರೂ ಪ್ರೊಟೀನ್ ಅರಗೋದಕ್ಕೆ ಅಡ್ಡ ಬರೋ ಅಂಶಗಳನ್ನ ಕಮ್ಮಿ ಮಾಡತ್ತೆ, ಹೊಟ್ಟೆ ಉಬ್ಬರಾನೂ ತಗ್ಗತ್ತೆ. ಹಸಿ ಮೊಳಕೆ ತಿನ್ನೋ ಫ್ಯಾಷನ್ ಬೇಡ, ಒಂದ್ ಕುದಿ ಬರಿಸಿ ಒಗ್ಗರಣೆ ಹಾಕಿ ಉಸ್ಲಿ ಮಾಡ್ಕೊಳ್ಳಿ.

ಇಲ್ಲೊಂದು ವಿಷಯ ಗಮನಿಸಿ. ಹುರುಳಿ ಕಟ್ಟಿನ ಸಾರು, ಬಸ್ಸಾರು ಮಾಡಿದಾಗ ಕಟ್ಟೆಲ್ಲ ಸಾರಿಗೆ ಹೋಗತ್ತೆ, ಬೆಂದ ಕಾಳು ಪಲ್ಯಕ್ಕೆ ಹೋಗತ್ತೆ. ಶಕ್ತಿ ಎಲ್ಲ ಕಟ್ಟಲ್ಲಿದೆ ಅಂತ ಸಾರು ಸುರ್ಕೊಂಡು ಪಲ್ಯ ಒಂದ್ ಚಮಚ ಹಾಕಿಸ್ಕೊಳ್ಳೋರೇ ಜಾಸ್ತಿ, ಪ್ರೊಟೀನ್ ಮುಕ್ಕಾಲು ಮೂರುವೀಸ ಪಾಲು ಕಾಳಲ್ಲೇ ಕೂತಿರತ್ತೆ. ಪಲ್ಯ ತಿನ್ನಿ. ಸಾರು ತಿಂದ್ರೆ ಮುದ್ದೆ ಇಳಿಯತ್ತೆ, ಅದ್ರ ಕೆಲಸ ಅದು.

ಅವರೆಕಾಯಿ ಬಗ್ಗೆ ಹೇಳದೆ ಮುಂದೆ ಹೋದ್ರೆ ನಮ್ಮೋರು ಬಿಡಲ್ಲ. ಡಿಸೆಂಬರ್ ಜನವರಿಲಿ ಸೊಗಡು ಅವರೆ ಬಂದಾಗ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಸಂಜೆ ಹುರಿದ ಬೇಳೆ, ಆ ಎರಡು ತಿಂಗಳು ಪ್ರೊಟೀನ್ ಚಿಂತೆ ಮಾಡೋ ಅಗತ್ಯನೇ ಇಲ್ಲ ಅನ್ನೋ ಥರ ತಿಂತೀವಿ. ಹಸಿ ಕಾಳಲ್ಲಿ ನೀರಿರೋದ್ರಿಂದ ಒಣ ಕಾಳಿಗಿಂತ ತೂಕಕ್ಕೆ ಪ್ರೊಟೀನ್ ಕಮ್ಮಿ, ಆದ್ರೆ ನಾವು ತಿನ್ನೋ ಪ್ರಮಾಣ ನೋಡಿದ್ರೆ ಅದು ಸರಿಹೋಗತ್ತೆ. ಸೀಸನ್ನಲ್ಲಿ ಬಿಡಿಸಿ ಒಣಗಿಸಿಟ್ಕೊಂಡ್ರೆ ಮಳೆಗಾಲದ ತನಕ ಬರತ್ತೆ, ಹುಳ ಹಿಡೀದಂಗೆ ನೋಡ್ಕೋಬೇಕು ಅಷ್ಟೇ.

ಕಡ್ಲೆಬೀಜ 100 ಗ್ರಾಂಗೆ 24 ಗ್ರಾಂ ಹತ್ರ ಕೊಡತ್ತೆ, ಪಾವಗಡ ಮಧುಗಿರಿ ಚಿಂತಾಮಣಿ ಕಡೆಯೋರಿಗೆ ಇದು ಹೊಲದ ಬೆಳೆ. ಆದ್ರೆ ಅರ್ಧಕ್ಕರ್ಧ ಎಣ್ಣೆನೇ ಇರೋದ್ರಿಂದ ಒಂದ್ ಹಿಡಿ ಸಾಕು, ಟಿವಿ ಮುಂದೆ ಬುಟ್ಟಿ ಇಟ್ಕೊಂಡು ಕೂತ್ರೆ ಪ್ರೊಟೀನ್ ಜೊತೆ ಹೊಟ್ಟೆನೂ ಬರತ್ತೆ. ಬೂಸ್ಟು ಹಿಡಿದಿದ್ದು, ಕಪ್ಪಾಗಿ ಸುಕ್ಕಾಗಿರೋ ಬೀಜ ಮುಲಾಜಿಲ್ದೆ ಬಿಸಾಕಿ, ಅದ್ರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರ್ಬಹುದು, ಲಿವರ್‌ಗೆ ಕೆಟ್ಟದ್ದು, ಹುರಿದ್ರೂ ಪೂರ್ತಿ ಹೋಗಲ್ಲ. ಸೋಯಾ ಅಲರ್ಜಿ ಇರೋರಲ್ಲಿ ಬಹಳಷ್ಟು ಜನಕ್ಕೆ ಬೇರೆ ಕಾಳು ಒಗ್ಗತ್ತೆ, ಆದ್ರೆ ಕಡ್ಲೆಬೀಜದ ಅಲರ್ಜಿನೂ ಜೊತೆಗಿರೋರು ಇದಾರೆ, ಮಕ್ಕಳಿಗಂತೂ ಡಾಕ್ಟರ್ ಕೇಳಿನೇ ಕೊಡಿ.

ಹುರಿಗಡಲೆ ಜೇಬಲ್ಲಿ ಹಾಕ್ಕೊಂಡ್ ಹೋಗೋ ಪ್ರೊಟೀನ್, 30 ಗ್ರಾಂಗೆ 6 ಗ್ರಾಂ. ಬೇರೆ ಏನೂ ಹೇಳೋದಿಲ್ಲ ಅದ್ರ ಬಗ್ಗೆ.

ಹಾಲಿಗೆ ಬಂದ್ರೆ, ಹಸು ಹಾಲು 100 ಮಿಲಿಗೆ 3 ಗ್ರಾಂ ಚಿಲ್ಲರೆ, ಮೊಸರೂ ಹೆಚ್ಚುಕಮ್ಮಿ ಅಷ್ಟೇ, ಪನೀರ್ 18-20. ನಮ್ಮ ಎರಡೂ ಜಿಲ್ಲೆಲಿ ಊರೂರಿಗೆ ಡೇರಿ ಇದೆ, ಬೆಳಗ್ಗೆ ಸಂಜೆ ಕ್ಯಾನ್ ಹಿಡ್ಕೊಂಡು ಹೋಗಿ ಹಾಲು ಹಾಕ್ತಾರೆ, ಮನೆ ಮಕ್ಕಳಿಗೆ ಉಳಿಯೋದು ಕಾಫಿಗೆ ಆಗೋವಷ್ಟು. ಡೇರಿಗೆ ಹಾಕೋ ಮುಂಚೆ ಅರ್ಧ ಲೀಟರ್ ಜಾಸ್ತಿ ಮನೆಗೆ ಎತ್ತಿಟ್ಕೊಳ್ಳಿ ಅಂತ ಹೇಳಿದ್ರೆ ಬಟವಾಡೆ ಕಮ್ಮಿ ಆಗತ್ತೆ ಅಂತಾರೆ, ಅದೇ ದುಡ್ಡಲ್ಲಿ ಡಬ್ಬಿ ಹೆಲ್ತ್ ಡ್ರಿಂಕ್ ತರ್ತಾರೆ, ಇದು ಯಾವ ಲೆಕ್ಕ ನಂಗೆ ಅರ್ಥ ಆಗಲ್ಲ.

ಮೊಟ್ಟೆ ಒಂದಕ್ಕೆ 6 ಗ್ರಾಂ. ಬೇಯಿಸಿ ತಿನ್ನಿ, ಹಸಿ ಮೊಟ್ಟೆ ಹಾಲಿಗೆ ಒಡ್ಕೊಂಡು ಕುಡಿಯೋ ಪೈಲ್ವಾನರಿಗೆ ಅದ್ರಲ್ಲಿರೋ ಪ್ರೊಟೀನ್ ಸುಮಾರು ಅರ್ಧ ಮಾತ್ರ ಅರಗೋದು, ಬೇಯಿಸಿದ್ರೆ 90 ಪರ್ಸೆಂಟ್ ಹತ್ರ. ಚಿಕನ್, ಮಟನ್, ಕೆರೆ ಮೀನು ಇವು ಹಸಿ ಮಾಂಸ 100 ಗ್ರಾಂಗೆ 18-21 ಗ್ರಾಂ, ಮೂಳೆ ಲೆಕ್ಕಕ್ಕೆ ಬರಲ್ಲ.

ಅಂಗಡಿಲಿ ಪ್ರೊಟೀನ್ ಪೌಡರ್ ತಗೊಳ್ಳೋರು ವೇ ಅಂತ ಇರೋದು ನೋಡಿ, ಅದು ಹಾಲಿನದ್ದು. ಬರೀ "ಪ್ರೊಟೀನ್ ಬ್ಲೆಂಡ್" ಅಂತ ಇದ್ರೆ ಸೋಯಾ ಐಸೊಲೇಟ್ ಸೇರಿರೋ ಸಾಧ್ಯತೆ ಇರತ್ತೆ, ಹಿಂದೆ ತಿರುಗಿಸಿ ಓದಿ.

ಹಂತ 5: ಜೋಡಿ ಮಾಡಿ

ಸೋಯಾದ ಹೆಚ್ಚುಗಾರಿಕೆ ಏನಂದ್ರೆ ಅದೊಂದರಲ್ಲೇ ಎಲ್ಲ ಅಗತ್ಯ ಅಮೈನೋ ಆಮ್ಲಗಳು, ಅಂದ್ರೆ ಪ್ರೊಟೀನ್ ಕಟ್ಟೋ ಇಟ್ಟಿಗೆಗಳು, ಸಾಕಷ್ಟು ಇರತ್ತೆ. ಲೈಸಿನ್, ಮೆಥಿಯೊನಿನ್ ಅನ್ನೋದು ಅಂಥ ಎರಡು ಇಟ್ಟಿಗೆ. ನಮ್ಮ ಕಾಳುಗಳಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೊನಿನ್ ಕಮ್ಮಿ. ರಾಗಿ ಅಕ್ಕಿ ಗೋಧಿಲಿ ಲೈಸಿನ್ ಕಮ್ಮಿ, ಮೆಥಿಯೊನಿನ್ ಪರವಾಗಿಲ್ಲ, ಅದ್ರಲ್ಲೂ ರಾಗಿಲಿ ಚೆನ್ನಾಗೇ ಇದೆ. ಎರಡೂ ಸೇರಿದ್ರೆ ಒಂದ್ರ ಕೊರತೆ ಇನ್ನೊಂದು ತುಂಬತ್ತೆ, ಅಂದ್ರೆ ಮುದ್ದೆ ಕಾಳುಸಾರು, ಇಡ್ಲಿ, ಪೊಂಗಲ್. ಒಂದೇ ತಟ್ಟೆಲಿ ಇರ್ಲೇಬೇಕು ಅಂತಿಲ್ಲ, ದಿನದಲ್ಲಿ ಎರಡೂ ಹೊಟ್ಟೆಗೆ ಹೋದ್ರೆ ಸಾಕು. ಎಳ್ಳು, ಹುಚ್ಚೆಳ್ಳು ಪುಡಿ ಪಲ್ಯಕ್ಕೆ ಉದುರಿಸಿದ್ರೆ ಇನ್ನೂ ಒಳ್ಳೇದು.

ಬರೀ ಮುದ್ದೆ, ಬರೀ ಸೊಪ್ಪಿನ ಸಾರು ಅಂದ್ರೆ ಮಾತ್ರ ಪ್ರೊಟೀನ್ ಸಾಲಲ್ಲ. ರಾಗಿಲಿ 100 ಗ್ರಾಂಗೆ 7 ಗ್ರಾಂ ಅಷ್ಟೇ ಇರೋದು, ಅದ್ರ ಹೆಸರು ದೊಡ್ಡದಾಗಿರೋದು ಕ್ಯಾಲ್ಶಿಯಂನಿಂದ.

ಹಂತ 6: ಪಾವು ಲೆಕ್ಕ ಸರಿಮಾಡಿ

ನಾಲ್ಕು ಜನರ ಮನೆಲಿ ಸಾರಿಗೆ ಅರ್ಧ ಪಾವು ಬೇಳೆ ಹಾಕ್ತಾರೆ. ಅದು 100 ಗ್ರಾಂ ಆಸುಪಾಸು ಬರತ್ತೆ, ನಿಮ್ಮ ಮನೆ ಪಾವು ಒಂದ್ಸಲ ತಕ್ಕಡಿಲಿ ತೂಗಿ ನೋಡ್ಕೊಳ್ಳಿ. ತಲೆಗೆ 25 ಗ್ರಾಂ, ಪ್ರೊಟೀನ್ ಐದೂವರೆ ಗ್ರಾಂ, ಅದೂ ಎರಡೂ ಹೊತ್ತಿಗೆ ಅದೇ ಸಾರು ಹಂಚಿದ್ರೆ ಹೊತ್ತಿಗೆ ಮೂರು ಗ್ರಾಂ ಕೂಡ ಇಲ್ಲ. ಅರ್ಧ ಪಾವಿನ ಬದ್ಲು ಒಂದ್ ಪಾವು ಹಾಕಿ. ಇಡೀ ಮಾರ್ಗದರ್ಶಿಲಿ ಒಂದೇ ಒಂದು ಮಾತು ಪಾಲಿಸ್ತೀನಿ ಅನ್ನೋರು ಇದನ್ನ ಪಾಲಿಸಿ.

60 ಕೇಜಿ ತೂಕದ, ಮೊಟ್ಟೆ ಮಾಂಸ ತಿನ್ನದವರ ಒಂದ್ ದಿನ ಹಿಂಗಿರ್ಬಹುದು. ಬೆಳಗ್ಗೆ 50 ಗ್ರಾಂ ಹೆಸರುಕಾಳಿನ ಪೆಸರಟ್ಟು, ಕಡ್ಲೆಬೀಜದ ಚಟ್ನಿ, ಎರಡೂ ಸೇರಿ 15 ಗ್ರಾಂ. ಮಧ್ಯಾಹ್ನ 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ, 40 ಗ್ರಾಂ ಹುರುಳಿ ಇರೋ ಮೊಳಕೆ ಕಾಳು ಸಾರು, ಒಂದ್ ಬಟ್ಟಲು ಮೊಸರು, ಇಲ್ಲಿಗೆ 20-21 ಗ್ರಾಂ. ಸಂಜೆ ಒಂದ್ ಹಿಡಿ ಹುರಿಗಡಲೆ 6 ಗ್ರಾಂ. ರಾತ್ರಿ ಅನ್ನ, 30 ಗ್ರಾಂ ಬೇಳೆ ಇರೋ ಗಟ್ಟಿ ತೊವ್ವೆ, ಮಲಗೋ ಮುಂಚೆ ಒಂದ್ ಲೋಟ ಹಾಲು, 19 ಗ್ರಾಂ. ಒಟ್ಟು 60 ದಾಟ್ತು. ಮೊಟ್ಟೆ ತಿನ್ನೋರು ಎರಡು ಮೊಟ್ಟೆ ಸೇರಿಸಿ, ಸಂಜೆ ಕಡ್ಲೆ ಬಿಟ್ರೂ ನಡೆಯತ್ತೆ.

ಹಂತ 7: ದುಡ್ಡಿನ ಲೆಕ್ಕ

ರೇಟು ದಿನಾ ಬದಲಾಗತ್ತೆ, ಹಂಗಾಗಿ ವಿಧಾನ ಕಲ್ತ್ಕೊಳ್ಳಿ. ಕೇಜಿ ರೇಟನ್ನ ಆ ಕೇಜಿಲಿರೋ ಪ್ರೊಟೀನ್ ಗ್ರಾಂನಿಂದ ಭಾಗಿಸಿ ಹತ್ತರಿಂದ ಗುಣಿಸಿ, 10 ಗ್ರಾಂ ಪ್ರೊಟೀನ್‌ಗೆ ಎಷ್ಟು ಬಿತ್ತು ಅಂತ ಗೊತ್ತಾಗತ್ತೆ. ಹುರುಳಿ ಕೇಜಿ 80 ರೂಪಾಯಿ ಅಂದ್ಕೊಂಡ್ರೆ ಅದ್ರಲ್ಲಿ 220 ಗ್ರಾಂ ಪ್ರೊಟೀನ್, 10 ಗ್ರಾಂಗೆ ಮೂರೂಮುಕ್ಕಾಲು ರೂಪಾಯಿ ಒಳಗೆ. ಕಡ್ಲೆಬೀಜ 150 ಆದ್ರೆ ಆರು ರೂಪಾಯಿ ಚಿಲ್ಲರೆ. ಮೊಟ್ಟೆ 7 ರೂಪಾಯಿ ಆದ್ರೆ ಹನ್ನೆರಡು ರೂಪಾಯಿ ಹತ್ರ. ಪನೀರ್ ಕೇಜಿ 400 ಅಂದ್ರೆ 20 ರೂಪಾಯಿ ದಾಟತ್ತೆ. ಪನೀರ್ ಹಬ್ಬಕ್ಕಿರ್ಲಿ.

ಮಕ್ಕಳಿರೋರಿಗೆ ಒಂದು ಮಾತು

ಮಗುಗೆ ಸೋಯಾ ಅಲರ್ಜಿ ಅಂತ ಗೊತ್ತಾದ್ರೆ ಮನೆಲಿ ಎಷ್ಟು ಹುಷಾರಾಗಿದ್ರೂ ಸಾಲಲ್ಲ. ಶಾಲೆಲಿ ಕೊಡೋ ಹಾಲು, ಮೊಟ್ಟೆ, ಬಾಳೆಹಣ್ಣು ಇವೆಲ್ಲ ಏನೂ ತೊಂದರೆ ಇಲ್ಲ, ಆದ್ರೆ ಬಿಸಿಯೂಟದ ಪಲಾವ್‌ಗೆ, ಅಂಗನವಾಡಿಲಿ ಕೊಡೋ ಪುಡಿಗೆ ಏನೇನ್ ಹಾಕ್ತಾರೆ ಅಂತ ಅಡುಗೆ ಅಕ್ಕನ್ನ, ಅಂಗನವಾಡಿ ಟೀಚರ್‌ನ ನೇರ ಕೇಳಿ. ಒಂದ್ ಹಾಳೆಲಿ ಮಗು ಹೆಸರು, "ಸೋಯಾ, ಮೀಲ್ ಮೇಕರ್, ಸೋಯಾ ಸಾಸ್ ಕೊಡ್ಬೇಡಿ", ದದ್ದು ಅಥವಾ ಉಸಿರಾಟದ ತೊಂದರೆ ಬಂದ್ರೆ ಏನ್ ಮಾಡ್ಬೇಕು, ನಿಮ್ಮ ಫೋನ್ ನಂಬರ್ ಇಷ್ಟು ಬರ್ದು ಕ್ಲಾಸ್ ಮೇಡಂ ಕೈಲಿ ಒಂದು, ಅಡುಗೆಮನೆ ಬಾಗಿಲಿಗೆ ಅಂಟಿಸೋಕೆ ಒಂದು ಕೊಡಿ. ಬರ್ತ್‌ಡೇ ದಿನ ಕ್ಲಾಸಲ್ಲಿ ಹಂಚೋ ಚಾಕಲೇಟಲ್ಲೂ ಲೆಸಿಥಿನ್ ಇರತ್ತೆ, ಅದಕ್ಕೆ ಮಗು ಬ್ಯಾಗಲ್ಲಿ ಯಾವಾಗ್ಲೂ ಒಂದೆರಡು ಎಳ್ಳುಂಡೆ ಇಟ್ಟಿರಿ, ಎಲ್ರೂ ತಿನ್ನೋವಾಗ ಅದಕ್ಕೂ ತಿನ್ನೋಕೆ ಏನಾದ್ರೂ ಇರ್ಲಿ.